ಬೀದಿ ಗಿಜಿಗುಡಲಿ, ಹಾಸಿಗೆ ಅಂಗಳದ ಕಡೆಗಿರಲಿ

ಪ್ಯಾರಿಸ್‌ನಲ್ಲಿ ಆರು ರಾತ್ರಿಗೆ ಬಾಡಿಗೆ ಮನೆ ಹುಡುಕುವಾಗ ನನ್ನದು ಒಂದೇ ಹಟ. ಬಾಗಿಲು ತೆಗೆದರೆ ಬೀದಿ ಸಿಗಬೇಕು, ಹಾಲು ಹಣ್ಣಿಗೆ ಮೆಟ್ರೋ ಹತ್ತುವಂತಿರಬಾರದು. ಹಾಗೆ ಸಿಕ್ಕಿದ್ದು ರ್ಯೂ ಮೊಂತೊರ್ಗೈ. ಊರಿನ ನಟ್ಟನಡುವೆ ಇರುವ, ಹೆಚ್ಚಾಗಿ ನಡೆಯುವವರದ್ದೇ ಆದ ಬೀದಿ. ಲೂವ್ರ್ ಮ್ಯೂಸಿಯಂಗೆ ನಡೆದು ಕಾಲು ಗಂಟೆ.

ಪಕ್ಕದ ಲೆ ಆಲ್‌ನಲ್ಲಿ ಹಿಂದೆ ಪ್ಯಾರಿಸ್‌ನ ದೊಡ್ಡ ಸಗಟು ಮಾರುಕಟ್ಟೆ ಇತ್ತು. 1969ರಲ್ಲಿ ಅದನ್ನು ಊರಾಚೆಯ ರಂಜಿಸ್‌ಗೆ ಸಾಗಿಸಿದರು. ಈ ಬೀದಿಯ ತಿನಿಸಿನ ಅಂಗಡಿಗಳು ಮಾತ್ರ ಜಾಗ ಬಿಟ್ಟಿಲ್ಲ. ಬ್ರೆಡ್ಡು, ಚೀಸು, ಹಣ್ಣು, ಮೀನು ಸಾಲಾಗಿ ಇವೆ. ಮೀನಿನಂಗಡಿ ಬಂದಾಗಲೆಲ್ಲ ನಮ್ಮತ್ತೆ ಸೆರಗು ಮೂಗಿಗೆ ಹಿಡಿದು ಬೇಗ ಬೇಗ ನಡೆಯುತ್ತಿದ್ದರು. 51ನೇ ನಂಬರಿನಲ್ಲಿ 1730ರಿಂದ ನಡೆಯುತ್ತಿರುವ ಸ್ತೋರೆರ್ ಬೇಕರಿ ಇದೆ. ಅಲ್ಲಿ ಹೆಸರುವಾಸಿಯಾದ 'ಬಾಬಾ' ಎಂಬ ಕೇಕು ರಮ್‌ನಲ್ಲಿ ನೆನೆದಿರುತ್ತದೆ. ಮನೆಯ ಹಿರಿಯರಿಗೆ ಕೊಡುವ ಮೊದಲು ಹೇಳಿಬಿಡಿ. ನಾನು ಹೇಳಲಿಲ್ಲ, ಅತ್ತೆ ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಈಗ ತಪ್ಪಿನ ವಿಷಯ. ಮನೆಯಲ್ಲಿ ಎರಡು ಕೋಣೆ. ಒಂದು ಬೀದಿಗೆ, ಇನ್ನೊಂದು ಒಳ ಅಂಗಳಕ್ಕೆ. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಬಯಲು ಬಿಟ್ಟಿರುತ್ತಾರೆ. ಬೀದಿ ನೋಡುವ ಆಸೆಗೆ ಮೊದಲ ರಾತ್ರಿ ಎಲ್ಲರೂ ಮುಂದಿನ ಕೋಣೆಯಲ್ಲೇ ಮಲಗಿದೆವು. ಜುಲೈ ಸೆಕೆ, ಏಸಿ ಇಲ್ಲ, ಕಿಟಕಿ ತೆಗೆಯಲೇಬೇಕು. ಕೆಳಗೆ ಕೆಫೆಯವರ ಮಾತು, ನಗು ಎರಡು ಗಂಟೆವರೆಗೆ. ಆಮೇಲೆ ಕುರ್ಚಿ ಪೇರಿಸುವ ಸದ್ದು. ಸ್ವಲ್ಪ ಕಣ್ಣು ಹತ್ತಿತು ಅನ್ನುವಾಗ ಖಾಲಿ ಬಾಟಲಿಗಳನ್ನು ದಬದಬ ಸುರಿದರು. ಬೆಳಕು ಹರಿಯುವ ಮೊದಲೇ ಸಾಮಾನಿನ ಗಾಡಿಗಳು. "ಏನಮ್ಮ ಇದು, ತೇರು ಎಳೀತಿದಾರಾ?" ಅಂದರು ಅತ್ತೆ. ಮರುದಿನ ಹಾಸಿಗೆಗಳನ್ನೆಲ್ಲ ಹಿಂದಿನ ಕೋಣೆಗೆ ಎಳೆದೆವು. ಅಲ್ಲಿ ಪಾರಿವಾಳದ ಸದ್ದು ಬಿಟ್ಟರೆ ಏನಿಲ್ಲ.

ಅದಕ್ಕೇ ಬುಕ್ ಮಾಡುವ ಮೊದಲು ಮಾಲೀಕರಿಗೆ ಮೆಸೇಜ್ ಹಾಕಿ ಇದೊಂದನ್ನು ಕೇಳಿ: ಮಲಗುವ ಕೋಣೆ 'ಸ್ಯೂರ್ ಕೂರ್' ಹೌದೋ ಅಲ್ಲವೋ? ಅಂದರೆ ಅಂಗಳದ ಕಡೆ. 'ಸ್ಯೂರ್ ರ್ಯೂ' ಅಂದರೆ ಬೀದಿಯ ಕಡೆ. ಬರೀ 'ಶಾಂತವಾಗಿದೆ' ಅನ್ನುವ ಉತ್ತರ ನಂಬಬೇಡಿ. ಲಿಫ್ಟ್ ಇದೆಯಾ ಅಂತಲೂ ಕೇಳಿ. ಇದ್ದರೂ ಎಷ್ಟೋ ಕಡೆ ಒಂದು ಸೂಟ್‌ಕೇಸು, ಒಬ್ಬರು ಹಿಡಿಸುವಷ್ಟೇ ಇರುತ್ತದೆ. ನಮಗೆ ಇರಲಿಲ್ಲ. ಸುತ್ತು ಮೆಟ್ಟಿಲಲ್ಲಿ ಅತ್ತೆಯ ಮಂಡಿಗೆ ತುಂಬಾ ಕಷ್ಟವಾಯಿತು. ಜಾಹೀರಾತಿನಲ್ಲಿ ನಗರಸಭೆಯ ನೋಂದಣಿ ಸಂಖ್ಯೆ ಇಲ್ಲದ ಮನೆಯಂತೂ ಬೇಡವೇ ಬೇಡ.

ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲು ಶಾತಲೆ-ಲೆ ಆಲ್‌ಗೆ ನೇರ ಬರುತ್ತದೆ. ಆ ನಿಲ್ದಾಣ ನೆಲದೊಳಗಿನ ಚಕ್ರವ್ಯೂಹ. ಸಾಮಾನು ಜಾಸ್ತಿ ಇದ್ದರೆ ಸುಮ್ನೆ ಟ್ಯಾಕ್ಸಿ ಹಿಡಿಯಿರಿ. ರೈಲಿನಲ್ಲೇ ಬರುವುದಾದರೆ ಮೇಲೆ ಹತ್ತಿ ಸಾಂತ್ ಯೂಸ್ತಾಶ್ ಚರ್ಚ್ ಹುಡುಕಿ, ಬೀದಿ ಅದರ ಹತ್ತಿರವೇ ಶುರುವಾಗುತ್ತದೆ.

ಒಲೆ ಇಂಡಕ್ಷನ್ ಆಗಿತ್ತು. ಅಲ್ಯೂಮಿನಿಯಂ ಕುಕ್ಕರ್ ಹೊತ್ತೊಯ್ದದ್ದು ದಂಡ, ಸ್ಟೀಲಿನದಾದರೆ ತಳಕ್ಕೆ ಮ್ಯಾಗ್ನೆಟ್ ಅಂಟುತ್ತದೆಯೇ ನೋಡಿ ತನ್ನಿ. ಬೀದಿಗೆ ಹತ್ತಿರದ ಎತಿಯೆನ್ ಮಾರ್ಸೆಲ್ ನಿಲ್ದಾಣದಿಂದ 4ನೇ ಲೈನ್ ಮೆಟ್ರೋದಲ್ಲಿ ಐದನೇ ಸ್ಟಾಪು ಗಾರ್ ದು ನೋರ್. ಅಲ್ಲಿಂದ ಲಾ ಶಾಪೆಲ್ ಕಡೆ ನಡೆದರೆ ತಮಿಳರ ಅಂಗಡಿಗಳು. ಕರಿಬೇವು, ರವೆ, ಬೇಳೆ ಎಲ್ಲ ಸಿಕ್ಕಿತು.

ಬೀದಿಯ ಕೋಣೆ ದಂಡವಾಗಲಿಲ್ಲ ಬಿಡಿ. 1878ರ ಜೂನ್ 30ರಂದು ಬಾವುಟಗಳಿಂದ ತುಂಬಿದ್ದ ಇದೇ ಬೀದಿಯನ್ನು ಕ್ಲೋದ್ ಮೊನೆ ಮೇಲಿನಿಂದ ನೋಡಿದಂತೆ ಚಿತ್ರಿಸಿದ್ದಾರೆ, ಅದು ಓರ್ಸೆ ಮ್ಯೂಸಿಯಂನಲ್ಲಿದೆ. ಸೋಮವಾರ ಆ ಮ್ಯೂಸಿಯಂಗೂ ರಜೆ, ಬೀದಿಯ ಎಷ್ಟೋ ಅಂಗಡಿಗೂ ರಜೆ. ಆ ದಿನ ನಾವು ಉಪ್ಪಿಟ್ಟು ಮಾಡಿಕೊಂಡು ಮುಂದಿನ ಕಿಟಕಿಯಲ್ಲಿ ಕೂತು ಹೋಗಿ ಬರುವವರನ್ನು ನೋಡಿದೆವು.