ವೆನಿಸ್‌ನಿಂದ ಟ್ಯೂನಾ ಬೇಟೆ: ದೋಣಿ ಗೊತ್ತುಮಾಡುವ ಕೆಲಸ ಎಲ್ಲಿಗೆ ಬಂತು

ನವೆಂಬರ್

ಗ್ಯಾಲ್ವೆಸ್ಟನ್ನಿನ ಕಲ್ಲುಕಟ್ಟೆಯ ಮೇಲೆ ನಿಂತು ರೆಡ್‌ಫಿಶ್, ಬ್ಲ್ಯಾಕ್ ಡ್ರಮ್ ಹಿಡಿಯುವುದರಲ್ಲೇ ಇಷ್ಟು ವರ್ಷ ತೃಪ್ತಿಪಟ್ಟುಕೊಂಡಿದ್ದ ನಮ್ಮ ಹ್ಯೂಸ್ಟನ್ ಗುಂಪು ಈ ಸಲ ಆಳಸಮುದ್ರಕ್ಕೆ ಹೋಗಿ ಯೆಲ್ಲೋಫಿನ್ ಟ್ಯೂನಾ ಹಿಡಿಯಬೇಕೆಂದು ನಿಶ್ಚಯಿಸಿದೆ. ಗುಂಪಿನಲ್ಲಿ ಸ್ವಂತ ದೋಣಿ ಇರುವವರು ಯಾರೂ ಇಲ್ಲ. ಆದ್ದರಿಂದ ಪರವಾನಗಿ ಪಡೆದ ಕ್ಯಾಪ್ಟನ್ ಒಬ್ಬರ ದೋಣಿಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯಬೇಕು. ಆ ಹೊಣೆ ನನ್ನ ಮೇಲೆ ಬಿದ್ದಿರುವುದರಿಂದ, ಕೆಲಸ ಮುಂದುವರಿದಂತೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮನೆಗೆ ಹತ್ತಿರದ ಗ್ಯಾಲ್ವೆಸ್ಟನ್ನನ್ನು ಬಿಟ್ಟು ಲೂಸಿಯಾನಾದ ವೆನಿಸ್ ಎಂಬ ಪುಟ್ಟ ಊರಿನವರೆಗೆ ಕಾರು ಓಡಿಸುವುದು ಮೇಲ್ನೋಟಕ್ಕೆ ಹುಚ್ಚಾಟದಂತೆ ಕಂಡೀತು. ಆದರೆ ಟೆಕ್ಸಾಸ್ ದಡದ ಮುಂದೆ ಸಮುದ್ರದ ತಳ ನೂರು ಮೈಲಿಗೂ ಹೆಚ್ಚು ದೂರ ಆಳವಿಲ್ಲದೆ ಚಾಚಿಕೊಂಡಿದೆ. ಟ್ಯೂನಾ ಓಡಾಡುವ ನೀಲಿ ನೀರನ್ನು ಮುಟ್ಟುವಷ್ಟರಲ್ಲಿ ಅರ್ಧ ದಿನವೂ ಅಪಾರ ಇಂಧನವೂ ಖರ್ಚಾಗುತ್ತವೆ. ವೆನಿಸ್‌ನ ಸ್ಥಿತಿ ಇದಕ್ಕೆ ವಿರುದ್ಧ. ಮಿಸಿಸಿಪಿ ನದಿಯು ಸಾವಿರಾರು ವರ್ಷಗಳಿಂದ ಹೊತ್ತು ತಂದ ಹೂಳಿನಿಂದ ತನ್ನ ಮುಖಜಭೂಮಿಯನ್ನು ಕಡಲೊಳಗೆ ಬೆಳೆಸುತ್ತ, ಅದರ ತುದಿಯನ್ನು ಹೆಚ್ಚುಕಡಿಮೆ ಆಳದ ಅಂಚಿನವರೆಗೂ ಒಯ್ದಿದೆ. ಹೆಡ್ ಆಫ್ ಪಾಸಸ್ ಎಂಬಲ್ಲಿ ನದಿ ಕವಲೊಡೆದು ಸೌತ್‌ವೆಸ್ಟ್ ಪಾಸ್, ಸೌತ್ ಪಾಸ್, ಪಾಸ್ ಅ ಲೂಟ್ರ ಎಂಬ ಅಳಿವೆಗಳ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆ. ಸೌತ್ ಪಾಸ್ ದಾಟಿದರೆ ಸುಮಾರು 20 ಮೈಲಿಯಲ್ಲೇ ಮಿಡ್‌ನೈಟ್ ಲಂಪ್ ಎಂಬ, ಉಪ್ಪಿನ ಗುಮ್ಮಟವೊಂದು ತಳವನ್ನು ಮೇಲಕ್ಕೆತ್ತಿದ ದಿಬ್ಬ ಸಿಗುತ್ತದೆ. ಅದರಾಚೆ ಮಿಸಿಸಿಪಿ ಕ್ಯಾನ್ಯನ್ ಪ್ರದೇಶದ ತೈಲ ವೇದಿಕೆಗಳು ಆರಂಭವಾಗುತ್ತವೆ.

ಈ ವೇದಿಕೆಗಳ ಹೆಸರು ನಮ್ಮ ಗುಂಪಿಗೆ ಹೊಸದಲ್ಲ. ಇಬ್ಬರು ತೈಲ ಉದ್ಯಮದಲ್ಲೇ ದುಡಿಯುವವರು. ಸುಮಾರು 2,940 ಅಡಿ ಆಳದ ನೀರಿನಲ್ಲಿ 1996ರಿಂದ ತೈಲ ತೆಗೆಯುತ್ತಿರುವ ಮಾರ್ಸ್, ಅದರ ನೆರೆಯ ಉರ್ಸಾ, ಇನ್ನೂ ಆಳದ ನಾ ಕಿಕಾ ಇವೆಲ್ಲ ಅವರಿಗೆ ಕಚೇರಿಯ ನಕ್ಷೆಯ ಮೇಲಿನ ಚುಕ್ಕೆಗಳಾಗಿದ್ದವು. ಅದೇ ಚುಕ್ಕೆಗಳು ಮೀನುಗಾರರ ಪಾಲಿಗೆ ನಡುಗಡಲಿನ ನೆರಳು. ಬುಡದ ಉಕ್ಕಿಗೆ ಪಾಚಿ, ಚಿಪ್ಪುಜೀವಿಗಳು ಅಂಟಿ ಬೆಳೆಯುತ್ತವೆ, ಚಿಕ್ಕ ಮೀನುಗಳು ಆಶ್ರಯಕ್ಕೆ ಸೇರುತ್ತವೆ, ರಾತ್ರಿಯ ದೀಪಗಳು ಇನ್ನಷ್ಟನ್ನು ಸೆಳೆಯುತ್ತವೆ, ಅವನ್ನು ಹುಡುಕಿಕೊಂಡು ಟ್ಯೂನಾ ಬರುತ್ತದೆ.

ಡಿಸೆಂಬರ್

ಯಾವ ತಿಂಗಳು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಲಂಪ್‌ನ ಸುತ್ತ ದೊಡ್ಡ ಟ್ಯೂನಾ ಮತ್ತು ವಾಹೂ ಎಂಬ ಮೀನು ಸೇರುತ್ತವೆ; ಆದರೆ ಒಂದರ ಹಿಂದೊಂದು ಬರುವ ಶೀತ ಮಾರುತಗಳ ನಡುವೆ ಕಡಲು ತಣ್ಣಗಿರುವುದು ಒಂದೆರಡು ದಿನ ಮಾತ್ರ. ವಸಂತದಲ್ಲಿ ನದಿ ತುಂಬಿ ಹರಿಯುವುದರಿಂದ ಕಂದು ನೀರು ಬಹುದೂರ ಹರಡುತ್ತದೆ, ಆದರೆ ಅದು ನೀಲಿ ನೀರಿಗೆ ತಾಗುವ ಗೆರೆಯಲ್ಲಿ ಸಾರ್ಗಾಸಮ್ ಪಾಚಿಯೂ ಮರಿಮೀನುಗಳೂ ಸೇರಿ ಒಳ್ಳೆಯ ಬೇಟೆ ಆಗುವುದುಂಟು. ಬೇಸಿಗೆಯ ಮುಂಜಾವಿನಲ್ಲಿ ಕಡಲು ಎಣ್ಣೆ ಸುರಿದಂತೆ ಇರುತ್ತದೆ, ಮಧ್ಯಾಹ್ನಕ್ಕೆ ಗುಡುಗು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಬೇರೆ. ದೊಡ್ಡ ಮೀನಿನ ಆಸೆಗೆ ನಾವು ಫೆಬ್ರುವರಿಯನ್ನು ಆರಿಸಿದೆವು.

ದೋಣಿಗಳನ್ನು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಚಿತ್ರಗಳು. ಪ್ರತಿ ಕ್ಯಾಪ್ಟನ್ನರ ಬಳಿಯೂ ನಗುತ್ತಿರುವ ಗಿರಾಕಿಗಳ ಕೈಯಲ್ಲಿ ನೂರು ಪೌಂಡಿನ ಮೀನು ಇದ್ದೇ ಇರುತ್ತದೆ. ಚಿತ್ರ ನೋಡಿ ದೋಣಿ ಆರಿಸುವುದರಲ್ಲಿ ಅರ್ಥವಿಲ್ಲವೆಂಬುದು ಬೇಗ ತಿಳಿಯಿತು. ಏಕೆಂದರೆ ನಾವು ಹಣ ಕೊಡುವುದು ಮೀನಿಗಲ್ಲ, ಆ ದಿನ ಹೊರಡಬೇಕೇ ಬೇಡವೇ, ಹೊರಟರೆ ಯಾವ ವೇದಿಕೆಗೆ, ಎಷ್ಟು ಹೊತ್ತು ಕಾದು ಎಲ್ಲಿಗೆ ಸರಿಯಬೇಕು ಎಂಬ ನಿರ್ಧಾರಗಳಿಗೆ. ಮಲ್ಪೆಯಲ್ಲಿ ದೋಣಿಯ ಮನೆಯಲ್ಲೇ ಬೆಳೆದ ನನ್ನ ಭಾವನವರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಬೋಟು ನೋಡಬೇಡ ಮಾರಾಯ, ತಾಂಡೇಲನನ್ನು ನೋಡು.” ತಾಂಡೇಲನೆಂದರೆ ದೋಣಿ ನಡೆಸುವ ಮುಖ್ಯಸ್ಥ.

ಹಾಗಾಗಿ ಫೋನಿನಲ್ಲಿ ಮಾತಾಡಿದ ಎಲ್ಲ ಕ್ಯಾಪ್ಟನ್ನರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದೆ. ಹವಾಮಾನ ಕೆಟ್ಟರೆ ರದ್ದುಮಾಡುವವರು ಯಾರು, ಮುಂಗಡ ಏನಾಗುತ್ತದೆ? ಇಂಧನ ಬಾಡಿಗೆಯಲ್ಲಿ ಸೇರಿದೆಯೇ, ಇಲ್ಲವೇ ದಿನದ ಕೊನೆಗೆ ಲೆಕ್ಕ ಹಾಕಿ ಕೊಡಬೇಕೇ? ಜೀವಂತ ಎರೆಯನ್ನು ಮೊದಲೇ ಕೊಂಡಿರುತ್ತಾರೆಯೇ, ಇಲ್ಲವೇ ಬೆಳಿಗ್ಗೆ ಹತ್ತಿರದ ವೇದಿಕೆಯಲ್ಲಿ ಹಾರ್ಡ್‌ಟೇಲ್ ಎಂಬ ಎರೆಮೀನು ಹಿಡಿದುಕೊಂಡು ಮುಂದೆ ಹೋಗುವುದೇ? ಕ್ಯಾಪ್ಟನ್ನರ ಜೊತೆ ಸಹಾಯಕರೂ ಇರುತ್ತಾರೆಯೇ? ಕೊನೆಯದನ್ನು ಉದ್ದೇಶಪೂರ್ವಕವಾಗಿಯೇ ಕೇಳುತ್ತಿದ್ದೆ: “ಕಳೆದ ಬಾರಿ ಬರಿಗೈಯಲ್ಲಿ ಮರಳಿದ್ದು ಯಾಕೆ?” ಈ ಪ್ರಶ್ನೆಗೆ ಗಾಳಿ, ನೀರಿನ ಬಣ್ಣ, ಶಾರ್ಕ್‌ಗಳ ಕಾಟ ಎಂದು ವಿವರವಾಗಿ ಉತ್ತರಿಸಿದವರನ್ನೇ ನಾವು ಒಪ್ಪಿಕೊಂಡೆವು. ತಮಗೆ ಹಾಗೆ ಆಗುವುದೇ ಇಲ್ಲ ಎಂದವರಿಗೆ ವಂದನೆ ಹೇಳಿ ಫೋನಿಟ್ಟೆ.

ಬಾಡಿಗೆ ತಲೆಗೆ ಇಷ್ಟೆಂದಲ್ಲ, ಇಡೀ ದೋಣಿಗೆ. ಇಂತಹ ದೋಣಿಗಳಲ್ಲಿ ಹಣ ಕೊಟ್ಟು ಬರುವ ಪ್ರಯಾಣಿಕರು ಆರಕ್ಕಿಂತ ಹೆಚ್ಚಿರುವಂತಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ನೀಡುವ ಆ ದರ್ಜೆಯ ಪರವಾನಗಿಗೆ ‘ಸಿಕ್ಸ್ ಪ್ಯಾಕ್’ ಎಂಬ ಅಡ್ಡಹೆಸರೇ ಬಿದ್ದಿದೆ. ಆರು ಜನರಾದರೆ ಖರ್ಚು ಹಗುರ, ಆದರೆ ಒಟ್ಟಿಗೆ ಮೂರು ಮೀನು ಕಚ್ಚಿದಾಗ ದೋಣಿಯ ಹಿಂಭಾಗದಲ್ಲಿ ಆಗುವ ನೂಕುನುಗ್ಗಲು ಮತ್ತು ದಾರಗಳ ಸಿಕ್ಕನ್ನು ನೆನೆದು ನಾಲ್ವರಷ್ಟೇ ಹೋಗುವುದೆಂದು ತೀರ್ಮಾನಿಸಿದೆವು. ಸಹಾಯಕರಿಗೆ ಕೊಡುವ ಭಕ್ಷೀಸು ಬಾಡಿಗೆಯಲ್ಲಿ ಸೇರಿರುವುದಿಲ್ಲ. ಬಾಡಿಗೆಯ ಐದನೇ ಒಂದು ಭಾಗದಷ್ಟನ್ನು ಕೊಡುವುದು ಅಲ್ಲಿನ ವಾಡಿಕೆಯಾದ್ದರಿಂದ ಅದನ್ನೂ ಮೊದಲೇ ಎತ್ತಿಟ್ಟಿದ್ದೇವೆ.

ಜನವರಿ

ನ್ಯೂ ಆರ್ಲಿಯನ್ಸಿಗೆ ಹೋಗಿದ್ದಾಗ ಒಂದು ದಿನ ಬಿಡುವು ಮಾಡಿಕೊಂಡು 23ನೇ ಹೆದ್ದಾರಿ ಹಿಡಿದು ವೆನಿಸ್‌ವರೆಗೆ ಹೋಗಿಬಂದೆ. ಒಂದು ಕಡೆ ನದಿಯ ಏರಿ, ಇನ್ನೊಂದು ಕಡೆ ಜವುಗು, ನಡುವೆ ಕಿತ್ತಳೆ ತೋಟಗಳು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ದಡ ಮುಟ್ಟಿದ ಬ್ಯೂರಸ್ ಈ ದಾರಿಯಲ್ಲೇ ಸಿಗುತ್ತದೆ. ಅಲ್ಲಿನ ಕೆಲವು ಮನೆಗಳು ಇಂದಿಗೂ ಎತ್ತರದ ಕಂಬಗಳ ಮೇಲೆ ನಿಂತಿವೆ.

ದಕ್ಕೆಯಲ್ಲಿ ಮಧ್ಯಾಹ್ನ ಮರಳಿದ ದೋಣಿಯೊಂದರ ಮೀನನ್ನು ಕತ್ತರಿಸುವುದನ್ನು ನೋಡುತ್ತ ನಿಂತೆ. ಸಹಾಯಕ ಹುಡುಗ ಐಸು ಮತ್ತು ಕಡಲನೀರು ಬೆರೆಸಿದ ಪೆಟ್ಟಿಗೆಯಿಂದ ಯೆಲ್ಲೋಫಿನ್ ಒಂದನ್ನು ಬಾಲ ಹಿಡಿದು ಎಳೆದು ಮೇಜಿನ ಮೇಲೆ ಹಾಕಿದ. ಪಕ್ಕದ ರೆಕ್ಕೆಯ ಹಿಂದೆ ಎರಡೂ ಕಡೆ ಗೀರಿದ ಗುರುತಿತ್ತು. ಹಿಡಿದ ಕೂಡಲೇ ಅಲ್ಲಿ ಕತ್ತರಿಸಿ ರಕ್ತ ಹರಿಸಿದ್ದರು. ತೆಳ್ಳನೆಯ ಉದ್ದ ಚೂರಿಯನ್ನು ಬೆನ್ನೆಲುಬಿಗೆ ತಾಗಿಸಿಯೇ ಓಡಿಸುತ್ತ ಪ್ರತಿ ಪಕ್ಕದಿಂದ ಎರಡೆರಡರಂತೆ ನಾಲ್ಕು ಉದ್ದನೆಯ ತುಂಡುಗಳನ್ನು ಬಿಡಿಸಿದ, ನಡುವಿನ ಕಡುಗೆಂಪು ಮಾಂಸವನ್ನು ತೆಗೆದು ಪೆಲಿಕನ್ನುಗಳತ್ತ ಎಸೆದ. ಉಳಿದದ್ದನ್ನು ತೊಳೆಯಲೇ ಇಲ್ಲ, ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿದ. ಕೇಳಿದಾಗ, ಸಿಹಿನೀರು ತಾಗಿದರೆ ಮಾಂಸ ಬಿಳಿಚಿ ಮೆತ್ತಗಾಗುತ್ತದೆ ಎಂದ.

ಇಷ್ಟು ಜತನ ಸುಮ್ಮನೆ ಅಲ್ಲ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬಿಸಿ. ಗಾಳಕ್ಕೆ ಸಿಕ್ಕು ಸೆಣಸುವಾಗ ಇನ್ನಷ್ಟು ಬಿಸಿಯೇರುತ್ತದೆ. ತಕ್ಷಣ ತಣ್ಣಗಾಗಿಸದಿದ್ದರೆ ಬಣ್ಣ ಕೆಡುವುದಷ್ಟೇ ಅಲ್ಲ, ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಹಿಸ್ಟಮೈನ್ ಹುಟ್ಟಿಸುತ್ತವೆ. ಹಿಸ್ಟಮೈನ್ ಒಮ್ಮೆ ಸೇರಿಕೊಂಡ ಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹ್ಯೂಸ್ಟನ್ ತಲುಪಲು ಏಳೆಂಟು ತಾಸು ಬೇಕಾಗುವ ನಮಗೆ ಇದು ಗಂಭೀರ ವಿಷಯ. ಆ ದಿನವೇ ದೊಡ್ಡ ಐಸುಪೆಟ್ಟಿಗೆಯ ಅಳತೆಯನ್ನು ಪಟ್ಟಿಗೆ ಸೇರಿಸಿದೆ.

ಫೆಬ್ರುವರಿ

ಗೊತ್ತುಮಾಡಿದ ದಿನ ಹೋಗಲಾಗಲಿಲ್ಲ. ಶೀತ ಮಾರುತದ ಬೆನ್ನಿಗೆ ಬಲವಾದ ಉತ್ತರದ ಗಾಳಿ ಬರುವುದೆಂದು ಕ್ಯಾಪ್ಟನ್ ನಾವು ಮನೆ ಬಿಡುವ ಮೊದಲೇ ಫೋನು ಮಾಡಿ ರದ್ದುಮಾಡಿದರು. ಮುಂಗಡವನ್ನು ಹೊಸ ದಿನಕ್ಕೆ ವರ್ಗಾಯಿಸಿದರು. ನಾನಂತೂ ಇದನ್ನು ಅವರ ಪರವಾದ ಅಂಕವೆಂದೇ ಎಣಿಸಿದ್ದೇನೆ.

ಅಂದಿನಿಂದ ಕಡಲಿನ ತೇಲುಬೋಯೆಗಳ ಮಾಹಿತಿ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಅಮೆರಿಕದ ಹವಾಮಾನ ಇಲಾಖೆಯ 42040 ಸಂಖ್ಯೆಯ ಬೋಯೆ ಮಿಸಿಸಿಪಿ ಮುಖಜಭೂಮಿಯ ಪೂರ್ವದಲ್ಲಿದ್ದು, ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಅಂತರವನ್ನು ಸೆಕೆಂಡುಗಳಲ್ಲಿ ಕೊಡುತ್ತದೆ. ಹೊಸಬರು ಎತ್ತರವನ್ನಷ್ಟೇ ನೋಡುತ್ತಾರೆ. ಮೂರು ಅಡಿಯ ಅಲೆ ಎಂಟು ಸೆಕೆಂಡಿಗೊಮ್ಮೆ ಬಂದರೆ ದೋಣಿ ಹಿತವಾಗಿ ಏರಿಳಿಯುತ್ತದೆ. ಅದೇ ಮೂರು ಅಡಿ ನಾಲ್ಕು ಸೆಕೆಂಡಿಗೊಮ್ಮೆ ಬಂದರೆ ಪ್ರತಿ ಅಲೆಗೂ ಸೊಂಟಕ್ಕೆ ಪೆಟ್ಟು. ಇನ್ನೊಂದು ಅಡ್ಡಿ ಚಳಿಗಾಲದ ಮಂಜು. ಉತ್ತರದಿಂದ ಬರುವ ತಣ್ಣನೆಯ ನದಿನೀರಿನ ಮೇಲೆ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ಹಾಯ್ದಾಗ ಕವಿಯುವ ಮಂಜಿನಲ್ಲಿ ಹಡಗುಗಳ ನಡುವೆ ದೋಣಿ ನಡೆಸುವುದು ಅಪಾಯಕರವಾದ್ದರಿಂದ, ಹೊರಗೆ ಕಡಲು ಶಾಂತವಾಗಿದ್ದರೂ ದಕ್ಕೆಯಲ್ಲೇ ಕಾಯಬೇಕಾಗುತ್ತದೆ.

ಹೊಸ ದಿನವನ್ನು ಮೇ ತಿಂಗಳಿಗೆ, ಅದೂ ವಾರದ ನಡುವಿಗೆ ಇಟ್ಟುಕೊಂಡೆವು. ವಾರಾಂತ್ಯವನ್ನು ಬಿಟ್ಟುಕೊಟ್ಟದ್ದರಿಂದ ಮರುದಿನವನ್ನೂ ನಮಗಾಗಿ ಖಾಲಿ ಇಡಲು ಕ್ಯಾಪ್ಟನ್ ಒಪ್ಪಿದರು. ಹೆಚ್ಚುವರಿ ದಿನವೊಂದು ಕೈಯಲ್ಲಿಲ್ಲದೆ ಆಳಸಮುದ್ರಕ್ಕೆ ದೋಣಿ ಗೊತ್ತುಮಾಡುವುದು ಜೂಜು ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

ಏಪ್ರಿಲ್

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಟ್ಯೂನಾ ಹಿಡಿಯಲು ಬೇಕಾದ ಕೇಂದ್ರ ಸರ್ಕಾರದ ಅನುಮತಿ ದೋಣಿಯ ಹೆಸರಿನಲ್ಲಿರುತ್ತದೆ. ನಾವು ರಾಜ್ಯದ ಮೀನುಗಾರಿಕೆ ಪರವಾನಗಿಯನ್ನು ನೋಡಿಕೊಂಡರೆ ಸಾಕು. ಯೆಲ್ಲೋಫಿನ್ ತಲೆಗೆ ದಿನಕ್ಕೆ ಮೂರು, ಮೂತಿಯಿಂದ ಬಾಲದ ಕವಲಿನವರೆಗೆ ಮೈಯ ಬಾಗನ್ನು ಅನುಸರಿಸಿ ಅಳೆದಾಗ ಕನಿಷ್ಠ 27 ಇಂಚು. ಬ್ಲೂಫಿನ್ ಟ್ಯೂನಾ ಈ ಕೊಲ್ಲಿಗೆ ವಸಂತದಲ್ಲಿ ಮೊಟ್ಟೆಯಿಡಲು ಬರುವುದರಿಂದ ಅದನ್ನೇ ಗುರಿಯಾಗಿಟ್ಟು ಗಾಳ ಹಾಕುವುದು ನಿಷಿದ್ಧ. ಮೇ ತಿಂಗಳು ಸರಿಯಾಗಿ ಅದೇ ಕಾಲವಾದ್ದರಿಂದ, ಆಕಸ್ಮಿಕವಾಗಿ ಕಚ್ಚಿದರೆ ಏನು ಮಾಡುವಿರಿ ಎಂದು ಕ್ಯಾಪ್ಟನ್ನರನ್ನು ಕೇಳಿದ್ದೆ. ದೋಣಿಯೊಳಗೆ ಎಳೆಯದೆ, ನೀರಿನಲ್ಲಿದ್ದಂತೆಯೇ ದಾರ ಕತ್ತರಿಸುತ್ತೇವೆ ಎಂದರು.

ತಲೆಗೆ ಮೂರರಂತೆ ಹನ್ನೆರಡು ಮೀನು ತರಬಹುದೆಂದು ಲೆಕ್ಕ ಹಾಕಿದವರಿಗೆ ನಾನು ಬೇರೆ ಲೆಕ್ಕ ತೋರಿಸಿದೆ. ಅರವತ್ತು ಪೌಂಡಿನ ಮೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಂಸ ಸಿಗುತ್ತದೆ, ಮಾರುವಂತಿಲ್ಲ, ಮನೆಯ ಫ್ರೀಜರಿನಲ್ಲಿ ಬಹಳ ಕಾಲ ಇಟ್ಟರೆ ರುಚಿ ಉಳಿಯುವುದಿಲ್ಲ. ಒಳ್ಳೆಯ ಗಾತ್ರದ ಒಂದೆರಡು ಯೆಲ್ಲೋಫಿನ್ ಸಿಕ್ಕಿದರೆ ಸಾಕು, ಆಮೇಲೆ ಚಿಕ್ಕ ಬ್ಲ್ಯಾಕ್‌ಫಿನ್ ಟ್ಯೂನಾ ಕಡೆಗೆ ತಿರುಗೋಣ ಎಂದು ಒಪ್ಪಿಸಿದ್ದೇನೆ. “ನಮ್ಮೂರಲ್ಲಿ ಕೇದರಕ್ಕೆ ಬಂಗುಡೆಯಷ್ಟೂ ಮರ್ಯಾದೆ ಇಲ್ಲ, ಇಲ್ಲಿ ಇಷ್ಟು ದುಡ್ಡು ಸುರಿದು ಅದರ ಹಿಂದೆ ಓಡುವುದು ನೋಡು” ಎಂದು ಟ್ಯೂನಾವನ್ನು ಕೇದರವೆಂದೇ ಕರೆಯುವ ಭಾವ ಗೊಣಗಿದರೂ ದೊಡ್ಡ ಐಸುಪೆಟ್ಟಿಗೆ ಕೊಂಡವರು ಅವರೇ.

ಕಳೆದ ಭಾನುವಾರ ಹಿತ್ತಲಿನಲ್ಲಿ ತಾಲೀಮು ನಡೆಯಿತು. ಎಂಬತ್ತು ಪೌಂಡಿನ ದಾರ ಸುತ್ತಿದ ರೀಲಿನ ಬಿಗಿತವನ್ನು ದಾರದ ಬಲದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು ಇಪ್ಪತ್ತೈದು ಪೌಂಡಿಗೆ ಇಡುತ್ತಾರೆ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ತಕ್ಕಡಿಯನ್ನು ಪೆಕಾನ್ ಮರಕ್ಕೆ ಬಿಗಿದು, ಮುಳ್ಳು ಇಪ್ಪತ್ತೈದರ ಮೇಲೆ ನಿಲ್ಲುವಂತೆ ಗಾಳದ ಕೋಲನ್ನು ಎತ್ತಿ ಹಿಡಿಯಬೇಕು. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಬಾಗಿದ ಕೋಲಿನ ತುದಿಯಲ್ಲಿ ಆ ಭಾರ ಎಳೆಯುವಾಗ ತೋಳಿನ ಬಲ ಸಾಲುವುದಿಲ್ಲ. ಮೊಣಕಾಲು ಸ್ವಲ್ಪ ಮಡಿಸಿ, ಸೊಂಟಪಟ್ಟಿಯ ಮೇಲೆ ಮೈಭಾರ ಬಿಟ್ಟು ಹಿಂದಕ್ಕೆ ಒರಗಬೇಕು. ಕಟ್ಟೆಯ ಮೇಲಿನ ಇನ್ನೊಂದು ಅಭ್ಯಾಸವನ್ನೂ ಬಿಡಬೇಕಾಗಿದೆ. ಇಲ್ಲಿ ಬಳಸುವ ಸರ್ಕಲ್ ಗಾಳ ಒಳಕ್ಕೆ ಬಾಗಿರುವುದರಿಂದ, ಮೀನು ಕಚ್ಚಿದೊಡನೆ ಕೋಲನ್ನು ಜಗ್ಗಿದರೆ ಗಾಳ ಬಾಯಿಂದ ಜಾರಿ ಬರುತ್ತದೆ. ಮೀನು ತಾನೇ ಎಳೆದುಕೊಂಡು ಹೋಗಿ ದಾರ ಬಿಗಿಯಾಗುವವರೆಗೆ ಸುಮ್ಮನಿದ್ದು, ಆಮೇಲೆ ಸುತ್ತತೊಡಗಬೇಕು.

ಉಳಿದಿರುವ ಕೆಲಸ ಇಷ್ಟು: ಪರವಾನಗಿ ಕೊಳ್ಳುವುದು, ಹಿಂದಿನ ರಾತ್ರಿಗೆ ವೆನಿಸ್‌ನಲ್ಲಿ ತಂಗಲು ಕೋಣೆ ನೋಡುವುದು, ಕಡಲಬೇನೆಯ ಮಾತ್ರೆಯನ್ನು ದೋಣಿ ಹತ್ತಿದ ಮೇಲಲ್ಲ, ಹಿಂದಿನ ರಾತ್ರಿಯೇ ನುಂಗುವಂತೆ ಎಲ್ಲರಿಗೂ ತಾಕೀತು ಮಾಡುವುದು. ಗುಂಪಿನ ನಾಲ್ಕನೆಯವರು ಶುದ್ಧ ಸಸ್ಯಾಹಾರಿ. ಮೀನು ಹಿಡಿದು ಕಡಲಿಗೇ ಬಿಡುವುದು ಅವರ ಹವ್ಯಾಸ. ಆದರೂ ಬಾಡಿಗೆಯ ಕಾಲುಭಾಗವನ್ನು ಅವರೇ ಎಲ್ಲರಿಗಿಂತ ಮೊದಲು ಕೊಟ್ಟಿದ್ದಾರೆ. ಅವರ ಪಾಲಿನ ಮಾಂಸ ಯಾರಿಗೆ ಎಂಬ ಚರ್ಚೆ ಏಳುವ ಮೊದಲೇ ಭಾವನವರು ಎರಡನೆಯ ಐಸುಪೆಟ್ಟಿಗೆಗೂ ಬೆಲೆ ವಿಚಾರಿಸಿದ್ದಾರೆ.