ಮೇಷ್ಟ್ರ ವಾಚು, ಏಳು ರಾತ್ರಿಯ ಲೆಕ್ಕ

ರಿಟೈರಾದ ಮೇಷ್ಟ್ರೊಬ್ಬರು ನನ್ನ ವಾಚ್ ರಿಪೇರಿ ಅಂಗಡಿಗೆ ಬಂದು ವಾಚ್ ಬಿಚ್ಚಿ ಕೌಂಟರ್ ಮೇಲಿಟ್ಟರು. ಮಗ ದುಬೈನಿಂದ ತಂದುಕೊಟ್ಟ ಸೀಕೋ 5, ವಾರ-ತಾರೀಖು ಎರಡೂ ತೋರಿಸೋ ಆಟೋಮ್ಯಾಟಿಕ್. ಆಮೇಲೆ ಜೇಬಿನಿಂದ ಮಡಚಿದ ಹಾಳೆ ತೆಗೆದರು. ಸೋಮವಾರ 12.14, ಮಂಗಳವಾರ 12.16, ಬುಧವಾರ 12.13... ಹೀಗೆ ಏಳು ರಾತ್ರಿ.

"ತಾರೀಖು ತಡವಾಗಿ ಬದಲಾಗ್ತಿದೆ ಕಣಪ್ಪ. ಹೇಗೂ ನಿದ್ದೆ ಬರಲ್ಲ, ಕೂತು ಬರೆದಿಟ್ಟೆ."

ಕೆಲಸ ಕಲಿಯೋ ಕಾಲದಲ್ಲಾಗಿದ್ದರೆ ನಾನು ಹಾಳೆ ಕಡೆ ನೋಡ್ತಾನೂ ಇರಲಿಲ್ಲ. ವಾಚ್ ಕೈಗೆ ಬಂದ ತಕ್ಷಣ ಕೀ ಎಳೆದು ತಿರುಗಿಸೋ ಚಾಳಿ ನನಗೆ. ಹಾಗೇ ಒಂದು ಸಲ, ಮುಳ್ಳು ಹನ್ನೊಂದರ ಹತ್ತಿರ ನಿಂತಿದ್ದ ವಾಚಿನ ತಾರೀಖು ಸರಿ ಮಾಡೋಕೆ ಹೋದೆ. ಕೀ ತಿರುಗಿಸಿದರೆ ಬಿಗಿ ಅನ್ನಿಸ್ತು. ಇನ್ನೂ ಸ್ವಲ್ಪ ಒತ್ತಿದೆ. ಒಳಗೆ ಟಕ್ ಅಂತ ಸಣ್ಣ ಸದ್ದು. ಡಯಲ್ ತೆಗೆದು ನೋಡಿದರೆ ತಾರೀಖು ನೂಕೋ ಚಕ್ರದ ಮೇಲೆ ಬೆರಳಿನ ಥರ ಚಾಚಿರೋ ತುಂಡು ಮುರಿದು ಬಿದ್ದಿದೆ. ಅದರ ದುಡ್ಡು ನನ್ನ ಸಂಬಳದಲ್ಲಿ ಮುರ್ಕೊಂಡರು, ನ್ಯಾಯವೇ. ವಾಚು ಅದನ್ನ ರಾತ್ರಿ ಹನ್ನೊಂದು ಅಂತ ತಿಳಿದಿತ್ತು, ಬೆರಳು ಆಗಲೇ ತಾರೀಖಿನ ಹಲ್ಲಿಗೆ ಸಿಕ್ಕಿಕೊಂಡಿತ್ತು. ಅದರ ಮೇಲೆ ನಾನು ಕೀಯಿಂದ ಇನ್ನೊಂದು ಕಡೆಯಿಂದ ನೂಕಿದ್ದೆ. ಈಗ ಯಾರ ವಾಚೇ ಆಗಲಿ, ಮೊದಲು ಮುಳ್ಳನ್ನ ಆರು ಗಂಟೆಗೆ ತಂದು ಆಮೇಲೇ ತಾರೀಖು ಮುಟ್ಟೋದು. ಗಿರಾಕಿಗಳಿಗೂ ಇದನ್ನೇ ಹೇಳ್ತೀನಿ: ವಾಚಿನ ಲೆಕ್ಕದಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರ ತನಕ ಅದರ ತಂಟೆಗೆ ಹೋಗಬೇಡಿ.

ಮೇಷ್ಟ್ರಿಗೆ ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿ, ಡಬ್ಬದಿಂದ ಒಂದು ಹಳೇ ವಾಚಿನ ಮಷೀನು ತೆಗೆದು ಕಣ್ಣಿಗೆ ಐ-ಗ್ಲಾಸ್ ಕೊಟ್ಟೆ. ಡಯಲ್ ಕೆಳಗೆ ಬಳೆ ಥರ ಒಂದು ರಿಂಗ್, ಒಳಮೈಗೆ 31 ಹಲ್ಲು. ಗಂಟೆ ಮುಳ್ಳಿನ ಚಕ್ರ 12 ಗಂಟೆಗೊಂದು ಸುತ್ತು. ಅದಕ್ಕೆ ಹೊಂದಿಕೊಂಡ ಇನ್ನೊಂದು ಚಕ್ರ ಅದರ ಅರ್ಧ ವೇಗದಲ್ಲಿ, ಅಂದ್ರೆ 24 ಗಂಟೆಗೊಂದು ಸುತ್ತು. ಈ ಎರಡನೇ ಚಕ್ರದ ಮೇಲಿರೋ ಬೆರಳು ದಿನಕ್ಕೊಂದು ಸಲ ಬಂದು ರಿಂಗಿನ ಒಂದು ಹಲ್ಲನ್ನ ನೂಕುತ್ತೆ. ರಿಂಗ್ ತನ್ನಷ್ಟಕ್ಕೆ ಅಲ್ಲಾಡದ ಹಾಗೆ ಒಂದು ಸ್ಪ್ರಿಂಗು ಎರಡು ಹಲ್ಲಿನ ಸಂದಿಯಲ್ಲಿ ಮೂತಿ ತೂರಿಸಿ ಕೂತಿರುತ್ತೆ.

"ಹಾಗಾದ್ರೆ ಹನ್ನೆರಡಕ್ಕೆ ಸರಿಯಾಗಿ ನೂಕಲಿ, ಏನು ಕಷ್ಟ?"

ಕಷ್ಟ ಇರೋದು ಶಕ್ತಿಯದ್ದು. ಶಕ್ತಿ ಕೊಡೋಕೆ ಒಳಗಿರೋದು ಸುರುಳಿ ಸುತ್ತಿದ ಒಂದೇ ಸ್ಪ್ರಿಂಗು. ಸೆಕೆಂಡಿಗೆ ಆರು ಏಟು ಹೊಡೀತಾ ಸುಮಾರು 40 ಗಂಟೆ ವಾಚನ್ನ ಓಡಿಸಬೇಕಾದ್ದೂ ಅದೇ, ತಾರೀಖಿನ ರಿಂಗು ತಳ್ಳಬೇಕಾದ್ದೂ ಅದೇ. ಎಲ್ಲಾ ಒಂದೇ ಕ್ಷಣಕ್ಕೆ ಕೇಳಿದರೆ ತೂಗಾಡುತ್ತಾ ಟೈಮು ಕಾಯೋ ಬ್ಯಾಲೆನ್ಸ್ ವೀಲಿನ ತೂಗಾಟ ಕುಗ್ಗುತ್ತೆ. ಅದಕ್ಕೇ ಬೆರಳು ಒಂದು ಗಂಟೆ ಮುಂಚೆಯೇ ಬಂದು ನಿಧಾನವಾಗಿ ತಳ್ಳೋಕೆ ಶುರು ಮಾಡುತ್ತೆ. ಎತ್ತಿನ ಗಾಡಿ ದಿಬ್ಬ ಹತ್ತಿದ ಹಾಗೆ. ಹತ್ತೋ ತನಕ ತೆವಳಾಟ, ನೆತ್ತಿ ದಾಟಿದರೆ ರಿಂಗ್ ಹಿಡಿಯೋ ಸ್ಪ್ರಿಂಗೇ ಮಿಕ್ಕಿದ್ದನ್ನ ಟಕ್ ಅಂತ ಎಳ್ಕೊಳ್ಳುತ್ತೆ. ರಾತ್ರಿ ಹನ್ನೊಂದೂವರೆಗೆ ಕಿಟಕಿಯಲ್ಲಿ ಅಂಕಿ ಸೊಟ್ಟಗೆ ಕಾಣೋದು ಇದಕ್ಕೇ. ವಾರದ ತಟ್ಟೆಗೆ ಬೇರೆ ಬೆರಳು, ಅದರ ಸರದಿ ತಾರೀಖು ಮುಗಿದ ಮೇಲೆ. ಎರಡು ಭಾರ ಒಟ್ಟಿಗೆ ಬೀಳಬಾರದು ನೋಡಿ.

ಸಂಜೆಯಿಂದಲೇ ಇನ್ನೊಂದು ಸ್ಪ್ರಿಂಗಿನಲ್ಲಿ ಸ್ವಲ್ಪ ಸ್ವಲ್ಪ ಶಕ್ತಿ ಕೂಡಿಟ್ಟು, ಮಧ್ಯರಾತ್ರಿ ಕಣ್ಣು ಮಿಟುಕಿಸೋದ್ರೊಳಗೆ ತಾರೀಖು ಹಾರಿಸೋ ವಾಚುಗಳೂ ಇವೆ. ಭಾಗ ಜಾಸ್ತಿ, ಬೆಲೆ ಜಾಸ್ತಿ. ಅಂಥವೂ ನಿಮಿಷ ತಪ್ಪದೆ ಹಾರುತ್ತವೆ ಅನ್ನೋ ಹಾಗಿಲ್ಲ.

ಯಾಕಂದ್ರೆ ಹಲ್ಲು-ಹಲ್ಲಿನ ನಡುವೆ ಒಂಚೂರು ಆಟ ಬಿಡಲೇಬೇಕು, ಇಲ್ಲದಿದ್ದರೆ ಚಕ್ರ ತಿರುಗೋದೇ ಇಲ್ಲ. 24 ಗಂಟೆಗೆ 360 ಡಿಗ್ರಿ ಅಂದ್ರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಆ ಚಕ್ರದಲ್ಲಿ ಎರಡು ಡಿಗ್ರಿ ಆಟ ಇದ್ದರೆ ಅಲ್ಲಿಗೇ ಎಂಟು ನಿಮಿಷ. ಗಂಟೆ ಮುಳ್ಳಂತೂ ನಾವು ಚಿಮಟದಲ್ಲಿ ಹಿಡಿದು ಕಣ್ಣಂದಾಜಿನಲ್ಲಿ ಕೂರಿಸೋದು, ಅಲ್ಲಿ ಒಂದು ಡಿಗ್ರಿ ಸೊಟ್ಟ ಆದ್ರೆ ಎರಡು ನಿಮಿಷ. ಉಸಿರು ಬಿಗಿ ಹಿಡಿದರೂ ಕೈ ಕೈಯೇ.

ಇಷ್ಟು ಹೇಳಿ, "ಎಲ್ಲಾ ವಾಚೂ ಹೀಗೇ ಸಾರ್" ಅಂತ ಕಳಿಸಿಬಿಡ್ತಿದ್ದೆನೇನೋ. ಆ ಹಾಳೆ ಬಿಡಲಿಲ್ಲ. ಏಳು ರಾತ್ರಿಯೂ 12.13ರಿಂದ 12.16ರ ಒಳಗೇ. ಒಂದು ದಿನ 11.50, ಇನ್ನೊಂದು ದಿನ 12.40 ಅಂತಿದ್ದಿದ್ರೆ ರಿಂಗ್ ಹಿಡಿಯೋ ಸ್ಪ್ರಿಂಗು ಸವೆದಿದೆಯೋ, ಒಳಗೆ ಕೊಳೆ ಕೂತಿದೆಯೋ ಅಂತ ಹುಡುಕಬೇಕಿತ್ತು. ಇಲ್ಲಿ ಮಷೀನು ಗಟ್ಟಿ, ಹಿಂದೆ ಯಾರೋ ಮುಳ್ಳು ಕೂರಿಸಿದ್ದು ಮಾತ್ರ ಅಷ್ಟು ಸರಿ ಇಲ್ಲ. ಇಷ್ಟನ್ನ ವಾಚಿನ ಓಟ ಅಳೆಯೋ ನನ್ನ ಟೈಮಿಂಗ್ ಮಷೀನು ಹೇಳ್ತಿರಲಿಲ್ಲ.

ಮುಳ್ಳು ಕಿತ್ತು, ಕೀಯನ್ನ ಮುಂದಕ್ಕೇ ನಿಧಾನವಾಗಿ ತಿರುಗಿಸುತ್ತಾ ಬಂದೆ. ತಾರೀಖು ಟಕ್ ಅಂದ ಜಾಗದಲ್ಲೇ ಕೈ ನಿಲ್ಲಿಸಿ, ಎರಡೂ ಮುಳ್ಳನ್ನ ಹನ್ನೆರಡರ ಮೇಲೆ ಕೂರಿಸಿದೆ. ಹಿಂದಕ್ಕೆ ಒಂಚೂರು ತಿರುಗಿಸಿದರೂ ಹಲ್ಲಿನ ಆಟ ಲೆಕ್ಕ ಕೆಡಿಸುತ್ತೆ. ಅರ್ಧ ಗಂಟೆ ಕೆಲಸ.

ಹತ್ತು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು, ಹೊಸ ಹಾಳೆ ಸಮೇತ. ತಾರೀಖು 12.02, 12.04, 12.03. ಅದರ ಕೆಳಗೆ ಕೆಂಪು ಇಂಕಿನಲ್ಲಿ ಅಡಿಗೆರೆ ಹಾಕಿದ ಒಂದು ಸಾಲು: "1.30ಕ್ಕೆ ವಾರ ಅರಬ್ಬಿಯಲ್ಲಿ!"

ನಗು ಬಂತು. ಗಲ್ಫ್ ಕಡೆ ಮಾರೋ ವಾಚಲ್ಲಿ ವಾರದ ತಟ್ಟೆ ಮೇಲೆ ಇಂಗ್ಲಿಷು, ಅರಬ್ಬಿ ಎರಡೂ ಇರುತ್ತೆ, ಏಳು ದಿನಕ್ಕೆ 14 ಹೆಸರು. ಇಂಗ್ಲಿಷಿನ ಒಂದು ದಿನದ ಹೆಸರಿಂದ ಇನ್ನೊಂದಕ್ಕೆ ಹೋಗೋಕೆ ನಡುವಿನ ಅರಬ್ಬಿ ದಾಟಿಯೇ ಹೋಗಬೇಕು. ಬೆಳಗಿನ ಜಾವಕ್ಕೆ ಇಂಗ್ಲಿಷು ಬಂದಿರುತ್ತೆ, ಇದು ರಿಪೇರಿ ಅಲ್ಲ ಸಾರ್ ಅಂದೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳಲ್ಲಿ ಏನೋ ಎಣಿಸಿದರು.

"ನಮ್ಮ ಒಂದೂವರೆ ಅಂದ್ರೆ ದುಬೈನಲ್ಲಿ ಸರಿಯಾಗಿ ಹನ್ನೆರಡು ಕಣಪ್ಪ. ಇರಲಿ ಬಿಡು," ಅಂತ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟರು.