ಆಟದ ಜೊತೆಗೆ ಅದರ ಜೋಡಿಯನ್ನೂ ಕಟ್ಟಿ

ಕಲಿಕೆಯ ವಿಡಿಯೋ ಗೇಮ್‌ಗಳ ಮೇಲೆ ಪಿಎಚ್‌ಡಿ ಮಾಡಲು ಬರುವವರ ಯೋಜನೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮೂರು ವರ್ಷ ಆಟ ಕಟ್ಟುವುದು, ಕೊನೆಯ ವರ್ಷ ಶಾಲೆಗೆ ಹೋಗಿ ಮಕ್ಕಳಿಂದ ಆಡಿಸುವುದು, ಆಟಕ್ಕೆ ಮೊದಲೊಂದು ಆಮೇಲೊಂದು ಪರೀಕ್ಷೆ ಕೊಟ್ಟು ಅಂಕ ಏರಿತೆಂದು ಬರೆಯುವುದು. ಅಂಕ ಏರಿಯೇ ಏರುತ್ತದೆ. ಅದೇ ಪ್ರಶ್ನೆಪತ್ರಿಕೆಯನ್ನು ಎರಡನೇ ಸಲ ನೋಡಿದರೂ ಏರುತ್ತದೆ, ನಡುವೆ ಮೇಷ್ಟ್ರು ಅದೇ ಪಾಠ ಮುಗಿಸಿದ್ದರೂ ಏರುತ್ತದೆ. ಪ್ರಬಂಧ ಪರಿಶೀಲಿಸುವವರು ಕೇಳುವುದು ಬೇರೆ: ಆಟದಲ್ಲಿನ ಯಾವುದರಿಂದ ಏರಿತು? ಇದಕ್ಕೆ ಉತ್ತರ ಬೇಕಾದರೆ ಅದೇ ಆಟದ ಇನ್ನೊಂದು ಆವೃತ್ತಿ ಇರಬೇಕು, ಒಂದೇ ಒಂದು ಅಂಶ ಬದಲಾಗಿರುವಂಥದ್ದು. ಈ ಜೋಡಿ ಆವೃತ್ತಿಯನ್ನು ಕೊನೆಯ ತಿಂಗಳಲ್ಲಿ ತರಾತುರಿಯಿಂದ ಮಾಡಿದವರ ಸಂಶೋಧನೆ ಅಲ್ಲೇ ಸೋರುತ್ತದೆ.

ಈ ದಾರಿ ಹಳೆಯದು. ಸಂಶೋಧಕ ಥಾಮಸ್ ಮ್ಯಾಲೋನ್ 1980ರ ಹೊತ್ತಿಗೆ ‘ಡಾರ್ಟ್ಸ್’ ಎಂಬ ಭಿನ್ನರಾಶಿಯ ಆಟವನ್ನು ತೆಗೆದುಕೊಂಡರು. ಸಂಖ್ಯಾರೇಖೆಯ ಮೇಲೆ ಬಲೂನುಗಳಿರುತ್ತವೆ. ಅವು ಇರುವ ಜಾಗದ ಸಂಖ್ಯೆಯನ್ನು ಊಹಿಸಿ ಟೈಪ್ ಮಾಡಿದರೆ ಬಾಣ ಹೋಗಿ ಒಡೆಯುತ್ತದೆ. ಮ್ಯಾಲೋನ್ ಸಂಗೀತ, ಅಂಕ, ಬಾಣ–ಬಲೂನಿನ ಕಲ್ಪನೆ ಮೊದಲಾದವನ್ನು ಒಂದೊಂದಾಗಿ ಕಳಚುತ್ತಾ ಎಂಟು ಆವೃತ್ತಿ ಮಾಡಿದರು. ಬಲೂನು ಒಡೆಯುವ ಕಲ್ಪನೆ ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಒಂದೇ ಆವೃತ್ತಿ ಇದ್ದಿದ್ದರೆ ಇದು ಸರಾಸರಿಯೊಳಗೆ ಮುಚ್ಚಿಹೋಗುತ್ತಿತ್ತು.

ಇನ್ನೂ ಹತ್ತಿರದ ಮಾದರಿ ‘ಜೋಂಬಿ ಡಿವಿಷನ್’. ಇಂಗ್ಲೆಂಡಿನ ಆಟದ ಉದ್ಯಮದಲ್ಲಿ ದುಡಿದು ಸಂಶೋಧನೆಗೆ ಬಂದ ಜೇಕಬ್ ಹ್ಯಾಬ್‌ಗುಡ್ ಕಟ್ಟಿದ್ದು. ಅಸ್ಥಿಪಂಜರಗಳ ಎದೆಯ ಮೇಲೆ ಸಂಖ್ಯೆಗಳಿರುತ್ತವೆ, ಒಂದೊಂದು ಬಗೆಯ ಹೊಡೆತವೂ ಒಂದೊಂದು ಭಾಜಕ. ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯಾದರೆ ಮಾತ್ರ ಅಸ್ಥಿಪಂಜರ ಬೀಳುತ್ತದೆ. ಇದರ ಜೋಡಿ ಆವೃತ್ತಿಯಲ್ಲಿ ಕಾದಾಟ ಹಾಗೇ ಇದೆ, ಎದೆಯ ಸಂಖ್ಯೆ ಮಾತ್ರ ಇಲ್ಲ. ಅದೇ ಲೆಕ್ಕಗಳು ಹಂತ ಮುಗಿದ ಮೇಲೆ ಪ್ರಶ್ನೋತ್ತರವಾಗಿ ಬರುತ್ತವೆ. ಲೆಕ್ಕವೇ ಇಲ್ಲದ ಮೂರನೇ ಆವೃತ್ತಿಯೂ ಇತ್ತು. 2011ರಲ್ಲಿ ಸಂಶೋಧಕಿ ಶಾರನ್ ಏನ್ಸ್‌ವರ್ತ್ ಜೊತೆ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಗುಂಪುಗಳಿಗೆ ಸಮಾನ ಸಮಯ ಕೊಟ್ಟಾಗ ಲೆಕ್ಕ ಆಟದೊಳಗೇ ಬೆರೆತ ಆವೃತ್ತಿಯ ಮಕ್ಕಳು ಹೆಚ್ಚು ಕಲಿತರು, ಯಾವುದನ್ನು ಬೇಕಾದರೂ ಆಡಿ ಎಂದು ಬಿಟ್ಟಾಗ ಆ ಆವೃತ್ತಿಯನ್ನು ಏಳು ಪಟ್ಟು ಹೆಚ್ಚು ಹೊತ್ತು ಆಡಿದರು.

ನಮ್ಮ ಅಳಗುಳಿಮಣೆಯನ್ನು ನೆನೆಸಿಕೊಂಡರೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಗುಳಿಯಿಂದ ಗುಳಿಗೆ ಕಾಳು ಹಾಕುವುದೇ ಎಣಿಕೆ. ಎಣಿಕೆಯನ್ನು ತೆಗೆದರೆ ಆಟವೇ ಉಳಿಯುವುದಿಲ್ಲ. ಮಾರುಕಟ್ಟೆಯ ಬಹುಪಾಲು ಕಲಿಕೆಯ ಆ್ಯಪ್‌ಗಳು ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಡುವ ಜಾತಿಯವು. ಮಕ್ಕಳು ಹಣ್ಣು ತಿಂದು ಮಾತ್ರೆ ಉಗಿಯುತ್ತಾರೆ.

ಜೋಡಿಯನ್ನು ಕಟ್ಟುವ ಕ್ರಮಕ್ಕೆ ಬರೋಣ. ಎರಡು ಬೇರೆ ಪ್ರಾಜೆಕ್ಟ್ ಬೇಡ. ಒಂದೇ ಕೋಡ್, ಅದರೊಳಗೆ ಆವೃತ್ತಿಯನ್ನು ನಿರ್ಧರಿಸುವ ಒಂದೇ ಸ್ವಿಚ್ ಸಾಕು. ಪ್ರಾಜೆಕ್ಟನ್ನೇ ನಕಲು ಮಾಡಿದರೆ ಎರಡೇ ವಾರದಲ್ಲಿ ಒಂದರಲ್ಲಿ ಸರಿಪಡಿಸಿದ ದೋಷ ಇನ್ನೊಂದರಲ್ಲಿ ಉಳಿದಿರುತ್ತದೆ, ಆಮೇಲೆ ನೀವು ಅಳೆಯುವುದು ವಿನ್ಯಾಸವನ್ನಲ್ಲ, ದೋಷವನ್ನು. ಲೆಕ್ಕಗಳ ಪಟ್ಟಿ, ಅವುಗಳ ಕ್ರಮ, ಒಟ್ಟು ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. ಪರದೆ ದೂರದಿಂದ ಒಂದೇ ಥರ ಕಾಣಬೇಕು. ಈ ಕೊನೆಯದು ಅಲಂಕಾರದ ಮಾತಲ್ಲ, ಲೆಕ್ಕಾಚಾರದ ಮಾತು.

ಆ ಲೆಕ್ಕ ಹೀಗೆ. ಎರಡು ಗುಂಪುಗಳ ನಡುವೆ 0.5 ಪ್ರಮಾಣಿತ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ ಅರ್ಧದಷ್ಟು) ವ್ಯತ್ಯಾಸವನ್ನು ನೂರಕ್ಕೆ 80 ಭರವಸೆಯಿಂದ ಹಿಡಿಯಲು ಗುಂಪಿಗೆ 64 ಮಕ್ಕಳು ಬೇಕು. ಜೋಡಿ ಆವೃತ್ತಿ ಚೆನ್ನಾಗಿದ್ದಷ್ಟೂ ವ್ಯತ್ಯಾಸ ಕಿರಿದಾಗುತ್ತದೆ, 0.3 ಆದರೆ ಗುಂಪಿಗೆ ಸುಮಾರು 175. ಇನ್ನು 40 ಮಕ್ಕಳ ಒಂದಿಡೀ ತರಗತಿಗೆ ಒಂದು ಆವೃತ್ತಿ, ಪಕ್ಕದ ತರಗತಿಗೆ ಇನ್ನೊಂದು ಎಂದು ಹಂಚಿದಿರೋ, ಕಥೆ ಕೈಮೀರಿತು. ಒಂದೇ ಮೇಷ್ಟ್ರ ಕೈಯಲ್ಲಿ ಕಲಿತ ಮಕ್ಕಳ ಅಂಕಗಳು ಒಂದಕ್ಕೊಂದು ಹೋಲುತ್ತವೆ. ಆ ಹೋಲಿಕೆಯ ಗುಣಾಂಕ 0.15 ಇದ್ದರೂ 1 + 39 × 0.15, ಅಂದರೆ 6.85 ಪಟ್ಟು ಮಕ್ಕಳು ಬೇಕಾಗುತ್ತದೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಆಗುವ ಹೋಗುವ ಮಾತಲ್ಲ. ಹಾಗಾಗಿ ಒಂದೇ ತರಗತಿಯೊಳಗೆ ಮಗುವಿಗೊಂದರಂತೆ ಚೀಟಿ ಎತ್ತಿ ಹಂಚಬೇಕು, ಆಗ ಪಕ್ಕದ ಪರದೆ ಇಣುಕಿದ ಮಗು ‘ನಂಗೂ ಅದೇ ಬೇಕು’ ಅನ್ನದ ಹಾಗೆ ಎರಡೂ ಒಂದೇ ಥರ ಕಾಣಬೇಕು.

ಪರೀಕ್ಷೆಯನ್ನು ಆಟಕ್ಕಿಂತ ಮೊದಲೇ ಬರೆದಿಡಿ. ಒಂದೇ ಕಷ್ಟದ ಎ ಮತ್ತು ಬಿ ಪತ್ರಿಕೆಗಳಿರಲಿ. ಅರ್ಧ ಮಕ್ಕಳಿಗೆ ಎ ಮೊದಲು, ಉಳಿದರ್ಧಕ್ಕೆ ಬಿ ಮೊದಲು. ಮೊದಲ ಪರೀಕ್ಷೆಯ ಸರಾಸರಿ ನೂರಕ್ಕೆ 40ರಿಂದ 50ರ ಆಸುಪಾಸಿನಲ್ಲಿದ್ದರೆ ಅಳೆಯಲು ಜಾಗ ಇರುತ್ತದೆ. ಮೊದಲೇ 85 ಬಂದರೆ ಏರಲು ಎಡೆಯಿಲ್ಲ, ಆಟ ಎಷ್ಟು ಚೆನ್ನಾಗಿದ್ದರೂ ಫಲಿತಾಂಶ ಸೊನ್ನೆ.

ಶಾಲೆಯ 40 ನಿಮಿಷದ ಪಿರಿಯಡ್ ಎಂದರೆ 40 ನಿಮಿಷ ಆಟವಲ್ಲ. ಲ್ಯಾಬ್‌ವರೆಗೆ ಸಾಲಿನಲ್ಲಿ ಬರುವುದು, ಚಪ್ಪಲಿ ಬಿಡುವುದು, ಲಾಗಿನ್, ಹೆಡ್‌ಫೋನ್ ಜಗಳ ಕಳೆದು 25 ಉಳಿದರೆ ಪುಣ್ಯ. ಎರಡು ಗಂಟೆ ಆಡಿಸಬೇಕಿದ್ದರೆ ಐದು ಪಿರಿಯಡ್ ಕೇಳಿ, ಗೈರುಹಾಜರಿಗೆ ಆರನೆಯದೊಂದನ್ನು ಕೈಯಲ್ಲಿಟ್ಟುಕೊಳ್ಳಿ. ಲಾಗಿನ್‌ಗೆ ಮಕ್ಕಳಿಂದ ಹೆಸರು ಬರೆಸಬೇಡಿ. ಒಂದೇ ಮಗು ಐದು ದಿನದಲ್ಲಿ ಐದು ಕಾಗುಣಿತದಲ್ಲಿ ಬರೆಯುತ್ತದೆ. ನಾಲ್ಕಂಕಿಯ ಕೋಡ್ ಇರುವ ರಟ್ಟಿನ ಕಾರ್ಡ್ ಕೊಡಿ. ಕೊನೆಯ ಅಂಕಿ ಮೊದಲ ಮೂರರಿಂದ ಲೆಕ್ಕ ಹಾಕಿ ಬಂದದ್ದಾಗಿರಲಿ, ತಪ್ಪಾಗಿ ಒತ್ತಿದರೆ ಯಂತ್ರವೇ ತಡೆಯುತ್ತದೆ.

ಆಟದೊಳಗಿನ ದಾಖಲೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಅಂಕವನ್ನಷ್ಟೇ ಉಳಿಸಿಕೊಂಡು. ಪ್ರತಿ ಕ್ರಿಯೆಗೂ ಒಂದು ಸಾಲು ಬೇಕು: ಮಗುವಿನ ಕೋಡ್, ಆವೃತ್ತಿ, ಬಿಲ್ಡ್ (ಆಡಲು ಸಿದ್ಧಪಡಿಸಿದ ಪ್ರತಿ) ಸಂಖ್ಯೆ, ಹಂತ, ಆ ಕ್ಷಣ ಪರದೆಯ ಮೇಲಿದ್ದ ಲೆಕ್ಕ, ಒತ್ತಿದ್ದು ಏನು, ಎಷ್ಟು ಮಿಲಿಸೆಕೆಂಡಿನಲ್ಲಿ, ಸರಿಯೋ ತಪ್ಪೋ. ಯಂತ್ರದ ಗಡಿಯಾರವನ್ನು ನಂಬಬೇಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಪ್ರತಿ ಸಲ ಆನ್ ಮಾಡಿದಾಗಲೂ ಯಾವುದೋ ಕಾಲದ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಮಂಗಳವಾರದ ಆಟ ಸೋಮವಾರದ್ದರ ಮೇಲೆ ಕೂರುತ್ತದೆ. ಸಾಲಿಗೊಂದು ಏರುಕ್ರಮದ ಸಂಖ್ಯೆ ಹಾಕಿ. ಸಾಲು ಬಂದ ತಕ್ಷಣ ಡಿಸ್ಕಿಗೆ ಬರೆಯಿಸಿ, ಹಂತ ಮುಗಿಯಲಿ ಎಂದು ಕಾಯಬೇಡಿ. ಕರೆಂಟು ಕಾಯುವುದಿಲ್ಲ.

ಮಿಲಿಸೆಕೆಂಡ್ ಯಾಕೆಂದರೆ ಊಹೆಯ ಕ್ಲಿಕ್ಕುಗಳನ್ನು ಗುರುತಿಸಲು. ರಯಾನ್ ಬೇಕರ್ ಮತ್ತು ಸಂಗಡಿಗರು 2004ರಲ್ಲಿ ಕಾಗ್ನಿಟಿವ್ ಟ್ಯೂಟರ್ ಎಂಬ ಗಣಿತ ಕಲಿಸುವ ತಂತ್ರಾಂಶ ಬಳಸುವ ತರಗತಿಗಳಲ್ಲಿ ಕಂಡದ್ದು: ಹರಟೆ ಹೊಡೆಯುತ್ತಾ ಕೂತವರಿಗಿಂತ, ಸುಳಿವಿನ ಗುಂಡಿಯನ್ನು ಪಟಪಟ ಒತ್ತಿ ಉತ್ತರ ಕಿತ್ತುಕೊಳ್ಳುವವರ ಕಲಿಕೆಗೇ ಹೆಚ್ಚು ಪೆಟ್ಟು. ಹೊರಗಿನಿಂದ ನೋಡಿದರೆ ಇವರೇ ತನ್ಮಯರಾಗಿ ಕಾಣುತ್ತಾರೆ, ಮೋಸ ಹೋಗಬೇಡಿ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದ ‘ಮಲ್ಟಿಮೌಸ್’ ಕೆಲಸ ಜೋಡಿ ಆವೃತ್ತಿಗೆ ಇನ್ನೊಂದು ಒಳ್ಳೆಯ ಮಾದರಿ. ಒಂದೇ ಕಂಪ್ಯೂಟರಿಗೆ ಐದು ಮೌಸ್, ಐದು ಮಕ್ಕಳು, ಪರದೆಯ ಮೇಲೆ ಐದು ಬಣ್ಣದ ಬಾಣ. ಇಂಗ್ಲಿಷ್ ಪದ ಕಲಿಕೆಯ ಪ್ರಯೋಗದಲ್ಲಿ ಗ್ರಾಮೀಣ ಶಾಲೆಗಳ 238 ಮಕ್ಕಳಿದ್ದರು. ಒಟ್ಟಾರೆ ನೋಡಿದರೆ ಐವರು ಹಂಚಿಕೊಂಡವರು, ಒಬ್ಬೊಬ್ಬರೇ ಕಂಪ್ಯೂಟರ್ ಹಿಡಿದವರಷ್ಟೇ ಕಲಿತರು. ಆದರೆ ಸ್ಪರ್ಧೆಯ ಆವೃತ್ತಿಗೂ ಸಹಕಾರದ ಆವೃತ್ತಿಗೂ ನಡುವೆ ಕಲಿಕೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಬಂತು. ಆಡುವ ಬಗೆ ಬದಲಾದಂತೆ ಹುಡುಗರ ಕಲಿಕೆ ಏರುಪೇರಾಯಿತು, ಹುಡುಗಿಯರದು ಎಲ್ಲದರಲ್ಲೂ ಸರಿಸುಮಾರು ಒಂದೇ ಆಗಿತ್ತು. ಬದಲಾಗಿದ್ದ ನಿಯಮ ಚಿಕ್ಕದು. ಅದನ್ನು ತೋರಿಸಿಕೊಟ್ಟದ್ದು ಜೋಡಿ ಆವೃತ್ತಿ.

ಕನ್ನಡದ ಆಟ ಕಟ್ಟುವವರಿಗೆ ಒಂದು ಎಚ್ಚರಿಕೆ. ಆಟ ಕಟ್ಟುವ ಎಂಜಿನ್ ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಅಕ್ಕ’ ಬರೆದರೆ ‘ಅಕ್‌ಕ’ ಎಂಬಂತೆ ಬಿಡಿಬಿಡಿಯಾಗಿ ಕೂರುತ್ತದೆ. ಪದಗಳು ಕಡಿಮೆ ಇದ್ದರೆ ಚಿತ್ರಗಳಾಗಿ ಮಾಡಿಟ್ಟುಕೊಳ್ಳುವುದೇ ಸುಲಭ. ಹೊಸದಾಗಿ ಶುರು ಮಾಡುವವರು ಗೋಡೋ 4 ಎಂಜಿನ್ ನೋಡಬಹುದು, ಅದರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಒಳಗೇ ಇದೆ. ಇದನ್ನು ಮೊದಲ ವಾರವೇ ಪರೀಕ್ಷಿಸಿ. ಓದಲಾಗದ ಅಕ್ಷರದಿಂದ ತಪ್ಪಾದ ಉತ್ತರ ದಾಖಲೆಯಲ್ಲಿ ಮಗುವಿನ ತಪ್ಪಾಗಿಯೇ ಕೂರುತ್ತದೆ.

ಕೊನೆಯ ಕೆಲಸಕ್ಕೆ ಯಾರೂ ಸಮಯ ಇಟ್ಟಿರುವುದಿಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಬ್ರೌಸರಿನಲ್ಲಿ ಆಟ ಓಡಿಸುವ ತನ್ನ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ಕಟ್ಟಿದ್ದ ಸಂಶೋಧನಾ ಆಟಗಳು ಬ್ರೌಸರ್‌ಗಳಲ್ಲಿ ತೆರೆಯದಾದವು. ಪ್ರಬಂಧ ಉಳಿಯಿತು, ಆಟ ಇಲ್ಲ. ಶಾಲೆಯಲ್ಲಿ ಆಡಿಸಿದ ಅದೇ ಬಿಲ್ಡ್, ಮೂಲ ಕೋಡ್, ಬಳಸಿದ ಎಂಜಿನ್ನಿನ ಆವೃತ್ತಿ ಸಂಖ್ಯೆ, ದಾಖಲೆಯ ಪ್ರತಿ ಕಾಲಮ್ಮಿನ ಅರ್ಥ ಬರೆದ ಒಂದು ಪುಟ, ಎರಡೂ ಆವೃತ್ತಿಗಳನ್ನು ಮೊದಲಿಂದ ಕೊನೆವರೆಗೆ ಆಡಿದ ಪರದೆಯ ವಿಡಿಯೋ ಇವಿಷ್ಟನ್ನೂ ಒಂದು ಕಡೆ ಇಡಿ. ವಿಡಿಯೋದಲ್ಲಿ ಮಕ್ಕಳ ಮುಖ, ದನಿ ಬರದ ಹಾಗೆ ನೀವೇ ಆಡಿ. ಜೋಡಿ ಆವೃತ್ತಿ ಆಡಿದ ಮಕ್ಕಳಿಗೆ ಪೂರ್ತಿ ಆಟವನ್ನು ಆಡಲು ಒಂದು ಪಿರಿಯಡ್ಡನ್ನು ಮುಖ್ಯೋಪಾಧ್ಯಾಯರ ಹತ್ತಿರ ಮೊದಲ ದಿನವೇ ಕೇಳಿಟ್ಟಿರಿ, ಕಲಿತದ್ದು ಎಷ್ಟು ಉಳಿದಿದೆ ಎಂದು ಕೆಲ ಕಾಲದ ನಂತರ ಅಳೆಯುವ ಪರೀಕ್ಷೆ ಮುಗಿದ ಮೇಲಿನ ದಿನಕ್ಕೆ.